ಹಂದಿಯ ರಕ್ತದಲ್ಲಿ ಒತ್ತಡವನ್ನು ಓದುವುದು: ಹಿಡಿಯುವ ಕೈಯಿಂದ ಪ್ರಯೋಗಾಲಯದ ವರದಿಯವರೆಗೆ

ಕೆಲವು ವರ್ಷಗಳ ಹಿಂದೆ ಹೊಸಕೋಟೆ ಕಡೆಯ ಒಂದು ಸಾಕಣೆಯಿಂದ ಆರು ಹಂದಿಗಳ ರಕ್ತ ತಂದಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡು ದಾಟಿತ್ತು. ತಗಡಿನ ಶೆಡ್ಡಿನೊಳಗೆ ಇಬ್ಬರು ಹುಡುಗರು ಒಂದೊಂದು ಹಂದಿಯನ್ನೂ ಅಟ್ಟಾಡಿಸಿ ಹಿಡಿದರು. ರಕ್ತದ ಟ್ಯೂಬುಗಳನ್ನು ಚೀಲದಲ್ಲಿಟ್ಟುಕೊಂಡು ಹೊರಟವನು ಕೆ.ಆರ್.ಪುರದ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡೆ. ವರದಿ ಬಂದಾಗ ಪೊಟ್ಯಾಸಿಯಂ 9 ದಾಟಿತ್ತು, ಸಕ್ಕರೆ 40ಕ್ಕೆ ಇಳಿದಿತ್ತು, ಸ್ನಾಯುವಿನ ಕಿಣ್ವ ಸಾವಿರಗಳ ಲೆಕ್ಕದಲ್ಲಿತ್ತು. ಆ ಅಂಕಿಗಳನ್ನು ನಂಬಿದರೆ ಆ ಹಂದಿಗಳು ಬದುಕಿರಲೇಬಾರದು. ಗಾಬರಿಯಿಂದ ಮರುದಿನ ಹೋಗಿ ನೋಡಿದರೆ ಆರೂ ತೊಟ್ಟಿಗೆ ಮೂತಿ ಹಾಕಿ ಮುಸುರೆ ತಿನ್ನುತ್ತಿದ್ದವು.

ಅಂದಿನಿಂದ ನನ್ನೊಡನೆ ಬರುವ ಕಿರಿಯ ವೈದ್ಯರಿಗೆ ಮೊದಲು ಹೇಳುವ ಮಾತು ಇದೇ: ಹಂದಿಯ ರಕ್ತದ ವರದಿಯಲ್ಲಿ ಹಂದಿ ಒಂದೇ ಇರುವುದಿಲ್ಲ. ಅದನ್ನು ಹಿಡಿದ ಕೈ ಇರುತ್ತದೆ, ಟ್ಯೂಬು ಸಾಗಿ ಬಂದ ದಾರಿಯೂ ಇರುತ್ತದೆ. ಈ ಮೂರನ್ನೂ ಬೇರೆಬೇರೆ ಮಾಡಿ ಓದಲು ಬಂದರೆ ಮಾತ್ರ ಒತ್ತಡದ ಬಗ್ಗೆ ಏನಾದರೂ ಹೇಳಬಹುದು. ಬೆಂಗಳೂರು ಸುತ್ತಮುತ್ತ ಹಂದಿ ಸಾಕುವವರಿಗೆ, ಅವರ ಬಳಿಗೆ ಹೋಗುವ ಪಶುವೈದ್ಯರಿಗೆ, ಪಶುವೈದ್ಯಕೀಯ ಓದುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಕ್ತ ತೆಗೆಯುವುದು ನೋಂದಾಯಿತ ಪಶುವೈದ್ಯರ ಕೆಲಸ. ಸಾಕುವವರು ತಿಳಿದುಕೊಳ್ಳಬೇಕಾದದ್ದು ಅದಕ್ಕೆ ಮುಂಚಿನ ಮತ್ತು ಅನಂತರದ ಕೆಲಸಗಳನ್ನು. ನಿಜವಾಗಿ ಹೆಚ್ಚು ತಪ್ಪುಗಳು ನಡೆಯುವುದೂ ಅಲ್ಲೇ.

ಮೊದಲು ತಿಳಿಯಬೇಕಾದದ್ದು: ರಕ್ತದೊಳಗಿನ ಗಡಿಯಾರಗಳು

ಹಂದಿ ಹೆದರಿದ ಕ್ಷಣದಲ್ಲಿ ಎಲ್ಲ ಅಂಶಗಳೂ ಒಟ್ಟಿಗೆ ಏರುವುದಿಲ್ಲ. ಒಂದೊಂದಕ್ಕೂ ಅದರದೇ ವೇಗವಿದೆ.

ಎಲ್ಲಕ್ಕಿಂತ ಮೊದಲು ಓಡುವುದು ಅಡ್ರಿನಲಿನ್. ಅದರದು ಸೆಕೆಂಡುಗಳ ಲೆಕ್ಕ. ಎದೆಬಡಿತ ಏರುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಗುಲ್ಮ ಸಂಕುಚಿಸಿ ತನ್ನಲ್ಲಿದ್ದ ಕೆಂಪು ಕಣಗಳನ್ನು ಹೊರಗೆ ತಳ್ಳುತ್ತದೆ. ಹೀಗಾಗಿ ಕಿರುಚಾಡಿದ ಹಂದಿಯ ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ಅದರ ನಿಜವಾದ ಮಟ್ಟಕ್ಕಿಂತ ಹೆಚ್ಚು ಕಾಣುತ್ತದೆ. ಜಂತುಹುಳದಿಂದ ರಕ್ತಹೀನತೆ ಬಂದಿರುವ ಹಂದಿಯೂ ಆ ಗಳಿಗೆಯಲ್ಲಿ ಚೆನ್ನಾಗಿದೆ ಎಂದು ತೋರಿಬಿಡಬಹುದು. ಓಡಿಸಿದರೆ, ಒದ್ದಾಡಿದರೆ ದಣಿದ ಸ್ನಾಯು ಬಿಡುವ ಲ್ಯಾಕ್ಟೇಟ್ ಕೆಲವೇ ನಿಮಿಷಗಳಲ್ಲಿ ಏರುತ್ತದೆ.

ಅದರ ಹಿಂದೆ ಬರುವುದು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು. ಮಿದುಳಿನ ಹೈಪೋಥಲಮಸ್ ಪಿಟ್ಯುಟರಿ ಗ್ರಂಥಿಗೆ ಹೇಳಬೇಕು, ಪಿಟ್ಯುಟರಿಯ ಹಾರ್ಮೋನು ರಕ್ತದಲ್ಲಿ ಸಾಗಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ತಟ್ಟಬೇಕು, ಆ ಬಳಿಕವೇ ಕಾರ್ಟಿಸಾಲ್ ಹೊರಡುತ್ತದೆ. ಇಷ್ಟಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಹದಿನೈದರಿಂದ ಮೂವತ್ತು ನಿಮಿಷದೊಳಗೆ ಅದು ತುದಿ ಮುಟ್ಟುತ್ತದೆ. ನಮಗಿರುವ ಒಂದೇ ಅವಕಾಶವೆಂದರೆ ಆ ಮೊದಲ ಎರಡು ಮೂರು ನಿಮಿಷ. ಹಂದಿಯನ್ನು ಮುಟ್ಟಿದ ಕ್ಷಣದಿಂದ ಅಷ್ಟರೊಳಗೆ ರಕ್ತ ಟ್ಯೂಬಿಗೆ ಬಂದರೆ ಅದರಲ್ಲಿರುವುದು ನಾವು ಹೋಗುವುದಕ್ಕೆ ಮುಂಚಿನ ಹಂದಿ. ಹತ್ತು ನಿಮಿಷ ತಡವಾದರೆ ಟ್ಯೂಬಿನಲ್ಲಿರುವುದು ನಮ್ಮನ್ನು ಕಂಡು ಹೆದರಿದ ಹಂದಿ.

ಕ್ರಿಯಾಟಿನ್ ಕೈನೇಸ್, ಅಂದರೆ ಪ್ರಯೋಗಾಲಯದವರು ಸಿಕೆ ಎನ್ನುವ ಕಿಣ್ವ, ನಿಧಾನದ್ದು. ಸ್ನಾಯುವಿನ ಜೀವಕೋಶದ ಪೊರೆ ಸಡಿಲವಾದಾಗ ಅದು ರಕ್ತಕ್ಕೆ ಸೋರುತ್ತದೆ, ಗಂಟೆಗಳ ಲೆಕ್ಕದಲ್ಲಿ ಏರುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಸ್ನಾಯು, ಯಕೃತ್ತುಗಳಲ್ಲಿರುವ ಇನ್ನೊಂದು ಕಿಣ್ವ ಎಎಸ್‌ಟಿ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಬಿಳಿ ರಕ್ತಕಣಗಳ ಲೆಕ್ಕವೂ ಗಂಟೆಗಳದ್ದೇ. ಬೆಳೆದ ಹಂದಿಯಲ್ಲಿ ಸಾಮಾನ್ಯವಾಗಿ ಅವುಗಳಲ್ಲಿ ಲಿಂಫೋಸೈಟ್ ಎಂಬ ಬಗೆಯದೇ ಮೇಲುಗೈ. ಕಾರ್ಟಿಸಾಲ್ ಹೆಚ್ಚು ಹೊತ್ತು ಮೇಲಿದ್ದರೆ ಲಿಂಫೋಸೈಟ್ ಇಳಿದು ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆ ಏರುತ್ತದೆ, ಅನುಪಾತ ತಲೆಕೆಳಗಾಗುತ್ತದೆ. ಉರಿಯೂತವಿದ್ದಾಗ ಏರುವ ಹ್ಯಾಪ್ಟೊಗ್ಲೋಬಿನ್‌ನಂತಹ ಪ್ರೋಟೀನುಗಳು ಇನ್ನೂ ತಡ. ಅವು ಒಂದೆರಡು ದಿನದ ಕಥೆ ಹೇಳುತ್ತವೆ.

ಈ ಗಡಿಯಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ಪ್ರಶ್ನೆಗೆ ಯಾವ ಪರೀಕ್ಷೆ ಎಂಬುದು ತಾನೇ ಹೊಳೆಯುತ್ತದೆ. ನಿನ್ನೆಯ ಲಾರಿ ಪ್ರಯಾಣ ಹಂದಿಗೆ ಎಷ್ಟು ಪೆಟ್ಟು ಕೊಟ್ಟಿದೆ ಎಂದು ತಿಳಿಯಲು ಕಾರ್ಟಿಸಾಲ್ ಕೇಳಿದರೆ ಹಣ ದಂಡ. ಸಿಕೆ ಮತ್ತು ಎಎಸ್‌ಟಿ ಕೇಳಬೇಕು.

ಹೋಗುವ ಮುನ್ನಾದಿನ

ಸಮಯ ನಿಗದಿ ಮಾಡಿಕೊಳ್ಳಿ. ಹಂದಿಯ ಕಾರ್ಟಿಸಾಲ್ ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ. ಒಂದು ಸಾಕಣೆಗೆ ಬೆಳಗ್ಗೆ ಏಳಕ್ಕೆ, ಇನ್ನೊಂದಕ್ಕೆ ಸಂಜೆ ನಾಲ್ಕಕ್ಕೆ ಹೋಗಿ ಎರಡನ್ನೂ ಹೋಲಿಸಿದರೆ ಅದು ಸಾಕಣೆಗಳ ಹೋಲಿಕೆಯಲ್ಲ, ಗಡಿಯಾರದ ಹೋಲಿಕೆ. ನಾನು ಬೆಳಗ್ಗೆ ಏಳರಿಂದ ಎಂಟೂವರೆಯೊಳಗೆ ಮುಗಿಸುತ್ತೇನೆ. ಆ ಹೊತ್ತಿಗೆ ಬೆಂಗಳೂರಿನ ಬೇಸಿಗೆಯಲ್ಲೂ ಶೆಡ್ಡು ಕಾದಿರುವುದಿಲ್ಲ. ಹಂದಿಗೆ ಕೆಲಸಕ್ಕೆ ಬರುವ ಬೆವರುಗ್ರಂಥಿಗಳು ಇಲ್ಲವೆನ್ನುವಷ್ಟು ಕಡಿಮೆ. ಸೆಖೆಯಾದರೆ ಕೆಸರಿನಲ್ಲಿ ಹೊರಳಬೇಕು, ಇಲ್ಲವೇ ಏದುಸಿರು ಬಿಡಬೇಕು. ಏದುಸಿರು ಬಿಟ್ಟಷ್ಟೂ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ರಕ್ತದ ಕ್ಷಾರತೆ ಏರುತ್ತದೆ. ಮಧ್ಯಾಹ್ನದ ರಕ್ತದಲ್ಲಿ ಇದೂ ಬಂದು ಸೇರಿಕೊಳ್ಳುತ್ತದೆ.

ಮಾಲೀಕರಿಗೆ ಮೂರು ವಿಷಯ ಮೊದಲೇ ತಿಳಿಸಿ. ಹಿಂದಿನ ಎರಡು ದಿನ ಹಂದಿಗಳನ್ನು ಗುಂಪು ಬದಲಿಸಬಾರದು; ಹೊಸ ಜೊತೆಯೊಡನೆ ಕಾದಾಡಿದ ಗಾಯಗಳಿಗೇ ಸಿಕೆ ಏರಿರುತ್ತದೆ. ಆ ಎರಡು ದಿನ ಸ್ನಾಯುವಿಗೆ ಯಾವ ಚುಚ್ಚುಮದ್ದೂ ಬೇಡ, ಏಕೆಂದರೆ ಆ ಸೂಜಿಯ ಪೆಟ್ಟೂ ಸಿಕೆಯಲ್ಲಿ ಕಾಣುತ್ತದೆ. ಬೆಳಗಿನ ಮುಸುರೆಯನ್ನು ರಕ್ತ ತೆಗೆದ ಮೇಲೆ ಹಾಕಬೇಕು. ನೀರು ಮಾತ್ರ ಎಂದಿನಂತೆ ಇರಲಿ.

ಮುಸುರೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ನಮ್ಮ ನಗರದ ಸುತ್ತಲಿನ ಸಾಕಣೆಗಳಲ್ಲಿ ಬಹುಪಾಲು ಹೋಟೆಲ್ ಉಳಿಕೆಯ ಮೇಲೆ ನಡೆಯುತ್ತವೆ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಭಾರತದಲ್ಲಿ ಮೊದಲ ಬಾರಿ ಪತ್ತೆಯಾಯಿತು. ಅದಕ್ಕೆ ಮದ್ದಿಲ್ಲ. ಆ ವೈರಸ್ ರಕ್ತದಲ್ಲಿ ದಟ್ಟವಾಗಿರುತ್ತದೆ. ಹಂದಿಮಾಂಸ ಬೆರೆತ ಮುಸುರೆಯನ್ನು ಕುದಿಸದೆ ಹಾಕಿದರೂ ಹರಡುತ್ತದೆ. ಆದ್ದರಿಂದ ಒಂದು ಹಂದಿಗೆ ಒಂದೇ ಸೂಜಿ. ನೆಲಕ್ಕೆ ಬಿದ್ದ ರಕ್ತಕ್ಕೆ ತಕ್ಷಣ ಸೋಂಕುನಾಶಕ. ಒಂದು ದಿನಕ್ಕೆ ಒಂದೇ ಸಾಕಣೆ. ಈ ಮೂರರಲ್ಲಿ ಯಾರ ಒತ್ತಾಯಕ್ಕೂ ರಾಜಿ ಮಾಡಿಕೊಳ್ಳುವುದಿಲ್ಲ.

ಹಿಡಿಯುವುದು

ಇಡೀ ಕೆಲಸದ ಜೀವಾಳ ಇದು. ಇಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಯಂತ್ರವೂ ಸರಿಪಡಿಸಲಾರದು.

ಶೆಡ್ಡಿಗೆ ಹೋದ ಕೂಡಲೇ ಹಂದಿಗೆ ಕೈ ಹಾಕಬೇಡಿ. ಗೂಡಿನ ಹೊರಗೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಮೊದಲು ಎಲ್ಲವೂ ಗೊರಕೆಯಂಥ ಸದ್ದು ಮಾಡಿ ಮೂಲೆಗೆ ಓಡುತ್ತವೆ. ಆಮೇಲೆ ಒಂದು ಬರುತ್ತದೆ. ಬೂಟು ಮೂಸುತ್ತದೆ, ಲೇಸು ಕಚ್ಚಿ ಎಳೆಯುತ್ತದೆ. ಅದರ ಹಿಂದೆ ಇನ್ನೊಂದು. ಈ ಹತ್ತು ನಿಮಿಷದಲ್ಲಿ ಹಂದಿಗಳೂ ತಣ್ಣಗಾಗುತ್ತವೆ, ಯಾವುದು ಕುಂಟುತ್ತಿದೆ, ಯಾವುದರ ಬಾಲ ಕಚ್ಚಿಸಿಕೊಂಡಿದೆ, ಯಾವುದು ಒಂಟಿಯಾಗಿ ಮಲಗಿದೆ ಎಂಬುದೂ ಕಣ್ಣಿಗೆ ಬೀಳುತ್ತದೆ. ಅದನ್ನೆಲ್ಲ ಬರೆದುಕೊಳ್ಳಿ. ವರದಿ ಬಂದ ದಿನ ಅದೇ ನಿಮ್ಮ ಕೈದೀವಿಗೆ.

ಎಳೆಯ ಮರಿಯನ್ನು ಒಬ್ಬರು ಎತ್ತಿ, ಅಂಗಾತ ಮಲಗಿಸಿ ಮುಂಗಾಲುಗಳನ್ನು ಹಿಂದಕ್ಕೆ ಹಿಡಿದರೆ ಸಾಕು. ದೊಡ್ಡ ಹಂದಿಗೆ ಮೇಲ್ದವಡೆಯ ಕೋರೆಹಲ್ಲಿನ ಹಿಂದೆ ಕುಣಿಕೆ ಹಾಕುತ್ತೇವೆ. ಕುಣಿಕೆ ಬಿದ್ದ ಕ್ಷಣ ಹಂದಿ ಹಿಂದಕ್ಕೆ ಎಳೆಯುತ್ತದೆ, ಕಿವಿ ಗಡಚಿಕ್ಕುವ ಹಾಗೆ ಕಿರುಚುತ್ತದೆ. ಆ ಕಿರುಚಾಟ ಕೇಳಿದ ಪಕ್ಕದ ಗೂಡಿನವೂ ಹೆದರುತ್ತವೆ. ಆದ್ದರಿಂದ ಕುಣಿಕೆ ಹಾಕುವ ಮೊದಲೇ ಸೂಜಿ, ಟ್ಯೂಬು, ಗುರುತಿನ ಚೀಟಿ ಎಲ್ಲ ಕೈಗೆಟುಕುವಲ್ಲಿ ಸಿದ್ಧವಿರಬೇಕು, ಕುಣಿಕೆ ಬಿಗಿದ ಕ್ಷಣಕ್ಕೆ ಒಬ್ಬರು ಮೊಬೈಲಿನಲ್ಲಿ ಸಮಯ ಎಣಿಸಲು ಶುರು ಮಾಡಬೇಕು. ಪ್ರತಿ ಟ್ಯೂಬಿನ ಮೇಲೂ ಹಂದಿಯ ಸಂಖ್ಯೆಯ ಜೊತೆಗೆ ‘ಹಿಡಿದದ್ದರಿಂದ ಎಷ್ಟು ಸೆಕೆಂಡು’ ಎಂದು ಬರೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಎಷ್ಟನೆಯ ಹಂದಿ ಎಂಬುದನ್ನೂ ಬರೆಯಬೇಕು. ಒಂದೇ ಗೂಡಿನ ಎಂಟನೆಯ ಹಂದಿಯನ್ನು ತೊಂಬತ್ತು ಸೆಕೆಂಡಿನಲ್ಲಿ ಮುಗಿಸಿದರೂ ಅದು ಉಳಿದ ಏಳರ ಕಿರುಚಾಟವನ್ನು ಕೇಳಿಸಿಕೊಂಡಿರುತ್ತದೆ.

ಇಲ್ಲೇ ಒಂದು ಅಪಾಯದ ಸೂಚನೆ. ಹಿಡಿಯುತ್ತಿದ್ದಂತೆ ಬಾಲ ನಡುಗಿ, ಬಿಳಿ ಚರ್ಮದ ಮೇಲೆ ಕೆಂಪು, ನೀಲಿ ಮಚ್ಚೆಗಳು ಮೂಡಿ, ಕಾಲುಗಳು ಸೆಟೆದುಕೊಂಡರೆ ಎಲ್ಲವನ್ನೂ ನಿಲ್ಲಿಸಿ, ಕುಣಿಕೆ ಬಿಚ್ಚಿ, ಮೈಮೇಲೆ ನೀರು ಹಾಕಿ, ಒಂಟಿಯಾಗಿ ಬಿಡಿ. ಇದು ಹಂದಿಗಳ ವಂಶವಾಹಿ ಒತ್ತಡರೋಗದ ಲಕ್ಷಣ. ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುವ ಬಾಗಿಲಿನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದೇ ಇದರ ಮೂಲ ಎಂಬುದು 1991ರಲ್ಲಿ ಪತ್ತೆಯಾಯಿತು. ಆ ಬಾಗಿಲು ತೆರೆದರೆ ಬೇಗ ಮುಚ್ಚಿಕೊಳ್ಳುವುದಿಲ್ಲ. ಸ್ನಾಯು ಸಂಕುಚಿಸುತ್ತಲೇ ಇರುತ್ತದೆ, ಮೈಕಾವು 42 ಡಿಗ್ರಿ ದಾಟುತ್ತದೆ, ಕೆಲವೇ ನಿಮಿಷಗಳಲ್ಲಿ ಹಂದಿ ಸಾಯಬಹುದು. ಪಿಯೆಟ್ರೇನ್ ತಳಿಯಲ್ಲಿ, ಲ್ಯಾಂಡ್‌ರೇಸ್‌ನ ಕೆಲವು ವಂಶಗಳಲ್ಲಿ ಇದು ಹೆಚ್ಚು ಕಂಡುಬಂದದ್ದು. ಈಗ ಬೇರುಸಹಿತ ಕಿತ್ತ ಕೂದಲಿನಿಂದಲೇ ಡಿಎನ್‌ಎ ಪರೀಕ್ಷೆ ಸಾಧ್ಯ. ಹೊರಗಿನಿಂದ ಬೀಜದ ಹಂದಿ ತರುವವರು ಈ ಪರೀಕ್ಷೆಯ ಫಲಿತಾಂಶ ಕೇಳಿ ಪಡೆಯಬೇಕು.

ರಕ್ತ ತೆಗೆಯುವುದು ಮತ್ತು ಟ್ಯೂಬು

ಕುತ್ತಿಗೆಯ ಬಲಭಾಗದ ಗುಳಿಯಲ್ಲಿ, ಎದೆಮೂಳೆಯ ಮುಂತುದಿಯ ಪಕ್ಕ ಸೂಜಿ ಹೋಗುತ್ತದೆ. ಬಲಭಾಗವೇ ಆಗಬೇಕು; ಹೃದಯ ಮತ್ತು ವಪೆಗೆ (ಡಯಾಫ್ರಂ) ಹೋಗುವ ನರಗಳಿಗೆ ಪೆಟ್ಟಾಗುವ ಸಾಧ್ಯತೆ ಆ ಬದಿಯಲ್ಲಿ ಕಡಿಮೆ. ಉಸಿರಾಟ ಏರುಪೇರಾಗಿ ಮೂತಿ ನೀಲಿಗಟ್ಟಿದರೆ ಆ ಕ್ಷಣ ಸೂಜಿ ಹೊರಗೆ ತೆಗೆಯಬೇಕು. ಎರಡು ಬಾರಿ ಚುಚ್ಚಿ ಸಿಗದಿದ್ದರೆ ಆ ಹಂದಿಯನ್ನು ಬಿಟ್ಟುಬಿಡಿ. ಹಂದಿಯ ಮೈಯಲ್ಲಿರುವ ರಕ್ತ ಕಿಲೋಗೆ ಸುಮಾರು 65 ಮಿಲಿಲೀಟರ್. 50 ಕಿಲೋ ಹಂದಿಯಿಂದ ನಮಗೆ ಬೇಕಾದ ಹತ್ತು ಮಿಲಿಲೀಟರ್ ಅದಕ್ಕೆ ಏನೂ ಅಲ್ಲ, ಆದರೆ ಎರಡು ಕಿಲೋದ ಮರಿಗೆ ಅದು ಬಹಳ ದೊಡ್ಡ ಪಾಲು.

ಟ್ಯೂಬುಗಳಲ್ಲಿ ನೇರಳೆ ಮುಚ್ಚಳದ್ದು ಕಣಗಳ ಎಣಿಕೆಗೆ, ಬೂದು ಮುಚ್ಚಳದ್ದು ಸಕ್ಕರೆ ಮತ್ತು ಲ್ಯಾಕ್ಟೇಟ್‌ಗೆ, ಕೆಂಪು ಮುಚ್ಚಳದ್ದು ಉಳಿದ ರಸಾಯನಗಳಿಗೆ. ಕೆಂಪನ್ನು ಮೊದಲು ತುಂಬಿ. ನೇರಳೆ ಟ್ಯೂಬಿನಲ್ಲಿ ಪೊಟ್ಯಾಸಿಯಂ ಲವಣ ಇರುತ್ತದೆ. ಅದರ ಒಂದು ಹನಿ ಕೆಂಪಿಗೆ ಬೆರೆತರೂ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಸುಳ್ಳಾಗಿ ಇಳಿಯುತ್ತದೆ. ಸಿರಿಂಜಿನಿಂದ ಟ್ಯೂಬಿಗೆ ಸುರಿಯುವಾಗ ಸೂಜಿ ತೆಗೆದು, ಟ್ಯೂಬನ್ನು ಓರೆ ಮಾಡಿ, ಗೋಡೆಯ ಮೇಲೆ ಜಾರುವಂತೆ ಬಿಡಿ. ಸೂಜಿಯ ಮೂಲಕವೇ ಜೋರಾಗಿ ಒತ್ತಿದರೆ ಕೆಂಪು ಕಣಗಳು ಒಡೆಯುತ್ತವೆ. ಹಂದಿಯ ಕೆಂಪು ಕಣಗಳೊಳಗೆ ಪೊಟ್ಯಾಸಿಯಂ ಹೇರಳವಾಗಿದೆ. ಒಡೆದ ಕಣಗಳಿಂದ ಪೊಟ್ಯಾಸಿಯಂ, ಎಲ್‌ಡಿಎಚ್ ಎಂಬ ಕಿಣ್ವ, ಎಎಸ್‌ಟಿ ಮೂರೂ ಏರುತ್ತವೆ. ಹೊಸಕೋಟೆಯ ವರದಿಯಲ್ಲಿ ಪೊಟ್ಯಾಸಿಯಂ 9 ದಾಟಿದ್ದರ ಗುಟ್ಟು ಇದೇ.

ಕೆಂಪು ಟ್ಯೂಬು ಅರ್ಧ ಗಂಟೆ ನೆರಳಿನಲ್ಲಿ ನೆಟ್ಟಗೆ ನಿಂತು ಹೆಪ್ಪುಗಟ್ಟಲಿ. ಅನಂತರ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಸೀರಂ, ಅಂದರೆ ಹೆಪ್ಪಿನ ಮೇಲೆ ನಿಲ್ಲುವ ತಿಳಿ ದ್ರವ, ಬೇರ್ಪಡಿಸಬೇಕು. ಈ ಹಂತವನ್ನು ಸಾಕಣೆಯಲ್ಲೇ ಮುಗಿಸಿಕೊಳ್ಳಿ ಎನ್ನುವುದು ನನ್ನ ಗಟ್ಟಿ ಸಲಹೆ. ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರಗಳು ಸಿಗುತ್ತವೆ. ನೆಲಮಂಗಲದಿಂದ ಹೆಬ್ಬಾಳಕ್ಕೆ ಎಷ್ಟು ಹೊತ್ತಾಗುತ್ತದೆಂದು ಬೆಂಗಳೂರಿನಲ್ಲಿ ಯಾರೂ ಖಚಿತವಾಗಿ ಹೇಳಲಾರರು. ಅಷ್ಟು ಹೊತ್ತೂ ಟ್ಯೂಬಿನೊಳಗಿನ ಜೀವಂತ ಕಣಗಳು ಸಕ್ಕರೆ ತಿನ್ನುತ್ತ, ಲ್ಯಾಕ್ಟೇಟ್ ಬಿಡುತ್ತ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ನೂರಕ್ಕೆ ಐದಾರು ಪಾಲು ಸಕ್ಕರೆ ಕಡಿಮೆಯಾಗುತ್ತದೆ, ಬಿಸಿಲಿನ ಕಾರಿನಲ್ಲಿ ಇನ್ನೂ ಬೇಗ. ಬೇರ್ಪಡಿಸಿದ ಸೀರಂ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕಿನೊಡನೆ ಬರಲಿ. ಐಸಿಗೂ ಟ್ಯೂಬಿಗೂ ನಡುವೆ ದಪ್ಪ ಬಟ್ಟೆ ಇರಬೇಕು.

ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೂ ಇದೆ. ಮಾದರಿ ಕೊಡುವ ಮೊದಲೇ ಕೇಳಿಕೊಳ್ಳಿ: ಯಾವ ಪರೀಕ್ಷೆ ಇದೆ, ಎಷ್ಟು ಸೀರಂ ಬೇಕು, ಯಾವ ದಿನ ತೆಗೆದುಕೊಳ್ಳುತ್ತಾರೆ. ಮನುಷ್ಯರ ಪ್ರಯೋಗಾಲಯಕ್ಕೆ ಕೊಟ್ಟರೆ ವರದಿಯಲ್ಲಿ ಅಚ್ಚಾಗಿ ಬರುವ ‘ಸಾಮಾನ್ಯ ಮಿತಿ’ ಮನುಷ್ಯರದ್ದು ಎಂಬುದನ್ನು ಮರೆಯಬೇಡಿ.

ವರದಿಯನ್ನು ಓದುವುದು

ಮೊದಲು ಸೀರಂನ ಬಣ್ಣ ಕೇಳಿ. ಗುಲಾಬಿ ಅಥವಾ ಕೆಂಪು ಎಂದಿದ್ದರೆ ಪೊಟ್ಯಾಸಿಯಂ, ಎಲ್‌ಡಿಎಚ್, ಎಎಸ್‌ಟಿ ಮೂರನ್ನೂ ಹೊಡೆದುಹಾಕಿ. ಆಮೇಲೆ ಸಕ್ಕರೆ. ಬೆಳೆದ ಹಂದಿಯಲ್ಲಿ ಡೆಸಿಲೀಟರಿಗೆ 85ರಿಂದ 150 ಮಿಲಿಗ್ರಾಂ ಸಾಮಾನ್ಯ. ಮೇಲಿದ್ದರೆ ಹೆದರಿಕೆ ಎಂದು ಮೊದಲು ಯೋಚಿಸಿ, ಕಾಯಿಲೆ ಎಂದು ಆಮೇಲೆ. ಕೆಳಗಿದ್ದರೆ ಟ್ಯೂಬಿನ ಪ್ರಯಾಣವನ್ನು ವಿಚಾರಿಸಿ. ಹುಟ್ಟಿದ ಒಂದೆರಡು ದಿನದ ಮರಿ ಮಾತ್ರ ಇದಕ್ಕೆ ಹೊರತು. ಅದಕ್ಕೆ ಮೈ ಕಾಯಿಸುವ ಕಂದು ಕೊಬ್ಬಿಲ್ಲ, ಕೂಡಿಟ್ಟ ಸಕ್ಕರೆ ಬಲು ಕಡಿಮೆ. ಹಾಲು ಸಿಗದೆ, ಚಳಿ ಹಿಡಿದರೆ ಸಕ್ಕರೆ ನಿಜವಾಗಿಯೇ ಕುಸಿದು ಸಾಯುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ ಹೆಸರಘಟ್ಟ, ದೇವನಹಳ್ಳಿ ಕಡೆಯ ತೆರೆದ ಶೆಡ್ಡುಗಳಲ್ಲಿ ಮರಿಗಳು ಸಾಯುವಾಗ ನಾನು ಮೊದಲು ಅನುಮಾನಿಸುವುದು ಇದನ್ನೇ. ಅಲ್ಲಿ ಔಷಧಿಗಿಂತ ಬಲ್ಬಿನ ಬೆಚ್ಚನೆಯ ಮೂಲೆ, 32ರಿಂದ 34 ಡಿಗ್ರಿ, ಹೆಚ್ಚು ಜೀವ ಉಳಿಸುತ್ತದೆ.

ಒಂದೊಂದು ಅಂಕಿಯನ್ನು ಒಂಟಿಯಾಗಿ ನೋಡಬೇಡಿ, ಜೋಡಿಯಾಗಿ ನೋಡಿ. ಕಾರ್ಟಿಸಾಲ್ ಮತ್ತು ಲ್ಯಾಕ್ಟೇಟ್ ಮೇಲೆ, ಸಿಕೆ ಮತ್ತು ಬಿಳಿ ಕಣಗಳ ಅನುಪಾತ ಸರಿ ಎಂದಿದ್ದರೆ ಅದು ಆ ಬೆಳಗಿನ ಹಿಡಿತದ ಗುರುತು. ಲ್ಯಾಕ್ಟೇಟ್ ಸರಿ, ಸಿಕೆ ಮತ್ತು ಎಎಸ್‌ಟಿ ಮೇಲೆ ಎಂದಿದ್ದರೆ ನಿನ್ನೆಯೋ ಮೊನ್ನೆಯೋ ಕಾದಾಟ, ಸಾಗಣೆ, ಇಲ್ಲವೇ ಸೂಜಿ. ಕಾರ್ಟಿಸಾಲ್ ಹೆಚ್ಚೇನೂ ಇಲ್ಲದೆ ನ್ಯೂಟ್ರೋಫಿಲ್ ಮತ್ತು ಹ್ಯಾಪ್ಟೊಗ್ಲೋಬಿನ್ ಎರಡೂ ಮೇಲಿದ್ದರೆ ಸೋಂಕು ಹುಡುಕಿ. ದೀರ್ಘಕಾಲದ ಒತ್ತಡವನ್ನು ಒಂದು ದಿನದ ಕಾರ್ಟಿಸಾಲ್ ಹೇಳಲಾರದು. ತಿಂಗಳುಗಟ್ಟಲೆ ಇಕ್ಕಟ್ಟಿನಲ್ಲಿರುವ ಹಂದಿಯ ಕಾರ್ಟಿಸಾಲ್ ಎಷ್ಟೋ ಸಲ ಸಹಜವಾಗಿಯೇ ಕಾಣುತ್ತದೆ. ಅದನ್ನು ಹಿಡಿದುಕೊಂಡು ‘ಎಲ್ಲ ಚೆನ್ನಾಗಿದೆ’ ಎಂದು ಬರೆದುಕೊಡುವುದು ಆ ಪ್ರಾಣಿಗೆ ಮಾಡುವ ಅನ್ಯಾಯ.

ಸೂಜಿಯೇ ಬೇಡವೆಂದರೆ ಜೊಲ್ಲು ಇದೆ. ಗಟ್ಟಿ ದಾರಕ್ಕೆ ಹತ್ತಿಯ ಉಂಡೆ ಕಟ್ಟಿ ಗೂಡಿನೊಳಗೆ ಇಳಿಬಿಟ್ಟರೆ ಹಂದಿ ತಾನಾಗಿ ಬಂದು ಅಗಿಯುತ್ತದೆ. ಒಂದು ನಿಮಿಷದಲ್ಲಿ ಹತ್ತಿ ನೆನೆಯುತ್ತದೆ. ಹಿಂಡಿ, ತಣ್ಣಗಿಟ್ಟು ಕಳಿಸಬಹುದು. ಕಾರ್ಟಿಸಾಲ್ ಮಟ್ಟಿಗೆ ನಾನು ಈಗ ಇದನ್ನೇ ಹೆಚ್ಚು ನೆಚ್ಚುತ್ತೇನೆ. ಮೊದಲ ಸಲ ಇದನ್ನು ಕಂಡ ಆನೇಕಲ್ ಕಡೆಯ ಅಕ್ಕ ಒಬ್ಬರು, “ಡಾಕ್ಟರೇ, ಇಷ್ಟು ದಿನ ಇವುಗಳನ್ನು ಯಾಕೆ ಅಷ್ಟು ಕಿರುಚಿಸುತ್ತಿದ್ದಿರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಕಾಡುಹಂದಿ

ಕಾಡುಹಂದಿಯೂ ಊರಹಂದಿಯೂ ಒಂದೇ ಪ್ರಭೇದ, ಸುಸ್ ಸ್ಕ್ರೋಫಾ. ಹಾಗೆಂದು ಎರಡರ ರಕ್ತದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ‘ಕಾಡಿನದಕ್ಕೆ ಒತ್ತಡ ಹೆಚ್ಚು’ ಎಂದು ತೀರ್ಮಾನಿಸುವುದು ದುಡುಕು. ಕಾಡುಹಂದಿಯ ರಕ್ತ ಸಿಗುವುದೇ ಬಲೆಯಲ್ಲಿ, ಬೋನಿನಲ್ಲಿ, ಇಲ್ಲವೇ ಅರಿವಳಿಕೆಯ ಬಾಣ ತಗಲಿದ ಮೇಲೆ. ಬಲೆಯಲ್ಲಿ ಒದ್ದಾಡಿದ್ದರ ಲ್ಯಾಕ್ಟೇಟ್, ಸಕ್ಕರೆ, ಸಿಕೆ ಎಲ್ಲ ಮೇಲಿರುತ್ತದೆ, ಗುಲ್ಮ ಸಂಕುಚಿಸಿ ಕೆಂಪು ಕಣವೂ ಏರಿರುತ್ತದೆ. ಅರಿವಳಿಕೆಯಲ್ಲಿ ಗುಲ್ಮ ಸಡಿಲಗೊಂಡು ಕೆಂಪು ಕಣ ಇಳಿಯುತ್ತದೆ. ಅರಿವಳಿಕೆಗೆ ಬಳಸುವ ಕ್ಸೈಲಜಿನ್ ಗುಂಪಿನ ಔಷಧಿ ಇನ್ಸುಲಿನ್ ತಡೆದು ಸಕ್ಕರೆ ಏರಿಸಬಲ್ಲದು. ಹೇಗೆ ಹಿಡಿದರು ಎಂಬುದು ಬರೆದಿಲ್ಲದ ಕಾಡುಹಂದಿಯ ವರದಿಯನ್ನು ನಾನು ಬದಿಗಿಡುತ್ತೇನೆ.

ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಅನುಮತಿಯಿಲ್ಲದೆ ಹಿಡಿಯುವುದಾಗಲಿ, ಅಧ್ಯಯನಕ್ಕೆಂದು ರಕ್ತ ತೆಗೆಯುವುದಾಗಲಿ ಅಪರಾಧ. ಬನ್ನೇರುಘಟ್ಟದ ಅಂಚಿನಲ್ಲಿ ರಾಗಿ, ನೆಲಗಡಲೆ ಬೆಳೆಯುವವರ ಸಂಕಟ ನನಗೆ ಗೊತ್ತು. ಒಂದೇ ರಾತ್ರಿಯಲ್ಲಿ ಹೊಲ ಉತ್ತಂತೆ ಆಗಿರುತ್ತದೆ. ಆದರೂ ಬಾವಿಗೆ ಬಿದ್ದ, ಬೇಲಿಗೆ ಸಿಕ್ಕಿಕೊಂಡ ಕಾಡುಹಂದಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಅವರು ಬರುವವರೆಗೆ ಮಾಡಬೇಕಾದ ಮುಖ್ಯ ಕೆಲಸ ಜನರನ್ನು ದೂರವಿಡುವುದು. ಸುತ್ತ ನಿಂತು ಕೂಗುವ, ಕಲ್ಲೆಸೆಯುವ, ಮೊಬೈಲ್ ಹಿಡಿದು ಬಗ್ಗುವ ಗುಂಪೇ ಎಷ್ಟೋ ಸಲ ಅದನ್ನು ಕೊಲ್ಲುತ್ತದೆ. ಅತಿಯಾಗಿ ಒದ್ದಾಡಿದ ಸ್ನಾಯು ತಾನೇ ಕರಗಲು ತೊಡಗುತ್ತದೆ, ರಕ್ತ ಆಮ್ಲೀಯವಾಗುತ್ತದೆ, ಸ್ನಾಯುವಿನ ಕೆಂಪು ಪ್ರೋಟೀನು ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಮೇಲೆತ್ತಿ ಬಿಟ್ಟ ದಿನ ಓಡಿಹೋದ ಹಂದಿ ಎರಡು ಮೂರು ದಿನದ ಮೇಲೆ ಪೊದೆಯಲ್ಲಿ ಸತ್ತು ಬಿದ್ದಿರಬಹುದು. ಅಂಥ ರಕ್ಷಣೆಯಲ್ಲಿ ಕೆಲಸ ಮಾಡುವ ವೈದ್ಯರು ಕಣ್ಣಿಗೆ ಬಟ್ಟೆ ಕಟ್ಟಿ, ನೆರಳು ಮಾಡಿ, ಮೈಕಾವು ನೋಡುತ್ತ, ಆ ಹೊತ್ತಿನಲ್ಲೇ ಒಂದು ಟ್ಯೂಬು ರಕ್ತ ತೆಗೆದಿಟ್ಟರೆ ಬಿಡುವ ಮುನ್ನ ದ್ರವ ಕೊಡಬೇಕೇ ಎಂಬುದಕ್ಕೆ ಲ್ಯಾಕ್ಟೇಟ್ ಉತ್ತರ ಹೇಳುತ್ತದೆ.

ವರದಿಯ ನಂತರ ಸಾಕಣೆಯಲ್ಲಿ

ಹೊಸಕೋಟೆಯ ಆ ಸಾಕಣೆಗೆ ಹದಿನೈದು ದಿನ ಬಿಟ್ಟು ಬೆಳಗ್ಗೆ ಏಳಕ್ಕೆ ಮತ್ತೆ ಹೋದೆ. ಈ ಸಲ ಅಟ್ಟಾಡಿಸಲಿಲ್ಲ. ಪ್ಲೈವುಡ್ ಹಲಗೆಯಿಂದ ಮೂಲೆ ಮಾಡಿ, ಒಂದೊಂದನ್ನೇ ತಿರುಗಿಸಿ ಹಿಡಿದೆವು. ಸೀರಂ ಅಲ್ಲೇ ಬೇರ್ಪಡಿಸಿದೆ. ಆರರಲ್ಲಿ ಐದರ ಪೊಟ್ಯಾಸಿಯಂ 4.4ರಿಂದ 6.7ರ ಸಾಮಾನ್ಯ ಮಿತಿಯೊಳಗಿತ್ತು, ಸಕ್ಕರೆಯೂ ಸರಿಯಿತ್ತು. ಆದರೆ ಮೂರು ಹಂದಿಗಳ ಸಿಕೆ ಮತ್ತು ಎಎಸ್‌ಟಿ ಇನ್ನೂ ಮೇಲಿತ್ತು. ಹಿಡಿತದ ಗದ್ದಲ ಕಳೆದ ಮೇಲೆ ಉಳಿದ ಆ ಅಂಕಿ ಹಂದಿಗಳದೇ ಆಗಿತ್ತು. ಮೂರೂ ಒಂದೇ ಗೂಡಿನವು. ಮೊದಲ ಭೇಟಿಯಲ್ಲಿ ನಾನು ನಿಂತು ನೋಡಿರಲಿಲ್ಲ. ಹತ್ತು ಹಂದಿಗೆ ಒಂದೇ ತೊಟ್ಟಿ, ಒಂದೇ ನೀರಿನ ನಲ್ಲಿ. ಬೆನ್ನಿನ ಮೇಲೆ, ಕಿವಿಯ ಬುಡದಲ್ಲಿ ಹಲ್ಲಿನ ಗೀರುಗಳಿದ್ದವು. ಮಾಲೀಕರು ತೊಟ್ಟಿಯನ್ನು ಎರಡು ಮಾಡಿ ಗೂಡಿನ ಎರಡು ತುದಿಗೆ ಇಟ್ಟರು, ಎದುರು ಗೋಡೆಗೆ ಇನ್ನೊಂದು ನಲ್ಲಿ ಹಾಕಿಸಿದರು, ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದರು. ಮೂರು ವಾರದ ಬಳಿಕ ಅದೇ ಹೊತ್ತಿಗೆ, ಅದೇ ಹಲಗೆಯೊಡನೆ, ಅದೇ ಇಬ್ಬರು ಹುಡುಗರನ್ನು ಕರೆದುಕೊಂಡು ಮತ್ತೆ ರಕ್ತ ತೆಗೆದೆವು. ಗೀರುಗಳು ಒಣಗಿದ್ದವು, ಮೂರರ ಸಿಕೆಯೂ ಉಳಿದವುಗಳ ಸಾಲಿಗೆ ಬಂದಿತ್ತು.